ಕಾಲಿನ ಆಳದ ಅಭಿಧಮನಿಗಳಲ್ಲಿನ ರಕ್ತಹೆಪ್ಪಿನ ನಿವಾರಣೆ
ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಅದು ಬೆಳೆಯದಂತೆ, ತುಂಡಾಗಿ ಶ್ವಾಸಕೋಶಕ್ಕೆ ಸಾಗದಂತೆ ಹೆಪ್ಪುರೋಧಕ ಔಷಧ ಕೊಡುವುದು ವಾಡಿಕೆ. ಆದರೂ ಕವಾಟಗಳು ಹಾಳಾಗಿ ಬಾವು, ನೋವು, ಕಣಕಾಲಿನ ಹುಣ್ಣುಗಳಿಂದ ವರ್ಷಗಟ್ಟಲೆ ಕಾಡುವ ಹೆಪ್ಪೋತ್ತರ ಲಕ್ಷಣಕೂಟ ಹಲವರಲ್ಲಿ ಉಳಿಯುತ್ತದೆ. ಕ್ಯಾತಿಟರ್ ಎಂಬ ಸಪೂರ ನಳಿಕೆಯನ್ನು ತೂರಿಸಿ ಹೆಪ್ಪನ್ನು ಕರಗಿಸಿದರೆ ಇದು ತಪ್ಪೀತೆಂಬ ನಿರೀಕ್ಷೆಗೆ ನಾರ್ವೆಯ ಕ್ಯಾವೆಂಟ್ ಪ್ರಯೋಗ (2012) ಬಲ ಕೊಟ್ಟಿತು: ಎರಡು ವರ್ಷಗಳ ಬಳಿಕ ಔಷಧ ಮಾತ್ರ ಪಡೆದವರಲ್ಲಿ ಶೇ. 56ರಷ್ಟಿದ್ದ ತೊಂದರೆ, ಹೆಪ್ಪು ಕರಗಿಸಿಕೊಂಡವರಲ್ಲಿ ಶೇ. 41ರಷ್ಟಿತ್ತು. ಅಮೆರಿಕದಲ್ಲಿ 692 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟ್ರಾಕ್ಟ್ ಪ್ರಯೋಗದಲ್ಲಿ ಈ ಪ್ರಮಾಣ ಎರಡೂ ಗುಂಪುಗಳಲ್ಲಿ ಬಹುತೇಕ ಸಮವಾಗಿದ್ದು (ಶೇ. 48 ಮತ್ತು 47), ಮೊದಲ ಹತ್ತು ದಿನಗಳ ತೀವ್ರ ರಕ್ತಸ್ರಾವ ಮಾತ್ರ ಶೇ. 0.3ರಿಂದ 1.7ಕ್ಕೇರಿತು, ಆದರೆ ಲಕ್ಷಣಕೂಟದ ಮಧ್ಯಮ ಹಾಗೂ ತೀವ್ರ ಸ್ವರೂಪಗಳು ಶೇ. 24ರಿಂದ 18ಕ್ಕಿಳಿದದ್ದನ್ನು, ನಡೆದಾಡಲು ಕಷ್ಟಪಡುವ ರೋಗಿಯ ದೃಷ್ಟಿಯಿಂದ, ಕಡೆಗಣಿಸುವಂತಿಲ್ಲ.