ಆಟಿಯ ತೇವ ತಾಳುವ ಮೊಳೆ

ಬಾಯಾರು, ಪೈವಳಿಕೆ ಕಡೆಯ ಹಳೆಯ ಮನೆಗಳ ಮರಗೆಲಸದಲ್ಲಿ ಕಬ್ಬಿಣ ಕಡಿಮೆ. ಕಬ್ಬಿಣ ದುಬಾರಿಯಾಗಿತ್ತು ಎಂದು ಕೆಲವರು, ಶಾಸ್ತ್ರ ಒಪ್ಪುತ್ತಿರಲಿಲ್ಲ ಎಂದು ಇನ್ನು ಕೆಲವರು ಹೇಳುವುದುಂಟು. ಎರಡರಲ್ಲೂ ಸ್ವಲ್ಪ ಹುರುಳಿರಬಹುದು; ಆದರೆ ದೊಡ್ಡ ಕಾರಣ ಮಳೆಯೇ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ಈ ಸೀಮೆಯಲ್ಲಿ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಮರ ಉಬ್ಬುತ್ತದೆ, ಬೇಸಗೆಗೆ ಸೊರಗುತ್ತದೆ. ಕಬ್ಬಿಣದ ಮೊಳೆ ಮರದ ಈ ಏರಿಳಿತಕ್ಕೆ ಹೊಂದಿಕೊಳ್ಳದು. ಅದು ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರವನ್ನೂ ಕಪ್ಪಾಗಿಸಿ ಕೆಡಿಸುತ್ತದೆ. ಒಂದು ಮರದ ತೂತಿಗೆ ಇನ್ನೊಂದರ ನಾಲಗೆ ಕೂರಿಸಿ ಅಡ್ಡಕ್ಕೆ ಮರದ ಬೆಣೆ ಬಡಿದರೆ, ಬೆಣೆಯೂ ಮರದ ಜೊತೆಗೇ ಉಬ್ಬಿ ಬಿಗಿಯಾಗುತ್ತದೆ. ಕಡಲಿನವರೂ ಹೀಗೆಯೇ ಮೊಳೆಯನ್ನು ದೂರವಿಟ್ಟಿದ್ದರು: ಹೊರ್ಮುಜ್‌ನಲ್ಲಿ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಮಾರ್ಕೊ ಪೋಲೋ ಕಂಡು ಬರೆದಿದ್ದಾನೆ. ಅವನಿಗೆ ಅವು ಹಿಡಿಸಲಿಲ್ಲ, ಆ ಮಾತು ಬೇರೆ. ಹಾಗಾದರೆ ಹೆಬ್ಬಾಗಿಲಿನ ಚಿಲಕ, ಬೀಗ, ಸರಪಳಿ ಕಬ್ಬಿಣದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ಅದು ಕುಲುಮೆಯಲ್ಲಿ ಬಡಿದ ದಪ್ಪ ಕಬ್ಬಿಣ. ಮಾಡಿನ ಅಡಿಯಲ್ಲಿ, ಎಣ್ಣೆ ಹಚ್ಚಲು ಕೈಗೆ ಸಿಗುವ ಕಡೆ ಇರುತ್ತಿತ್ತು. ಮರದೊಳಗೆ ಹೂತು ಕಣ್ಣಿಗೆ ಕಾಣದ ಕಬ್ಬಿಣಕ್ಕೆ ಆ ಆರೈಕೆ ಸಿಗದು.

ಬದಲಾವಣೆ ಬಂದದ್ದು ಹಂಚಿನ ಜೊತೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಹುಲ್ಲಿನ ಮಾಡು ಕಟ್ಟುತ್ತಿದ್ದ ಹಗ್ಗದ ಜಾಗಕ್ಕೆ ಪಕ್ಕಾಸಿನ ಮೇಲೆ ಸಾಲಾಗಿ ರೀಪು ಹೊಡೆಯುವ ಮೊಳೆ ಬಂತು. ಅದಕ್ಕೂ ಸ್ವಲ್ಪ ಮೊದಲೇ ದೂರದಲ್ಲಿ ಸ್ಕ್ರೂ ಕೂಡ ರೂಪ ಬದಲಿಸಿತ್ತು. ಹಿಂದೆ ಅದರ ತುದಿ ಮೊಂಡು. ಬೈರಿಗೆಯಿಂದ ಪೂರ್ತಿ ತೂತು ಕೊರೆಯದೆ ಒಳಗೆ ಇಳಿಯುತ್ತಿರಲಿಲ್ಲ. ಅಮೆರಿಕದ ಥಾಮಸ್ ಸ್ಲೋನ್ 1846ರಲ್ಲಿ ಚೂಪು ತುದಿಯ ಸ್ಕ್ರೂವಿಗೆ ಪೇಟೆಂಟ್ ಪಡೆದ. 1854ರಲ್ಲಿ ಬರ್ಮಿಂಗ್‌ಹ್ಯಾಮ್‌ನ ನೆಟಲ್‌ಫೋಲ್ಡ್ ಕಂಪನಿ ಅಂಥ ಸ್ಕ್ರೂ ಮಾಡುವ ಯಂತ್ರದ ಹಕ್ಕು ಕೊಂಡಿತು. ಬಿಚ್ಚಿ ಕಳಿಸಿ ಮತ್ತೆ ಜೋಡಿಸುವ ಪೀಠೋಪಕರಣ ಈ ಅಗ್ಗದ ಸ್ಕ್ರೂವಿನ ಕಾಲದ್ದು. ಥೋನೆಟ್ ಕಂಪನಿಯ 1859ರ ಕುರ್ಚಿಗೆ ಬೇಕಾದದ್ದು ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು.

ಹಲಸು, ಕಿರಾಲ್ಬೋಗಿಯಂಥ ಗಟ್ಟಿ ಮರದಲ್ಲಿ ಕಳಪೆ ಸ್ಕ್ರೂ ಕೂಡ ಕೆಲವು ವರ್ಷ ಮಾನ ಉಳಿಸಿಕೊಳ್ಳುತ್ತದೆ. ಈಗ ಪೆಟ್ಟಿಗೆಯಲ್ಲಿ ಬರುವ ಕಪಾಟು ಪುಡಿಮರದ ಪಾರ್ಟಿಕಲ್ ಬೋರ್ಡಿನದು. ಅದರಲ್ಲಿ ಎಳೆಯಿಲ್ಲ, ಬಿಗಿಯೆಲ್ಲ ಸ್ಕ್ರೂವಿನ ಹಲ್ಲಿನ ಮೇಲೆ ನಿಂತಿದೆ. ಜಿಪ್ಸಮ್ ಹಲಗೆಗೆಂದು ಮಾಡಿದ ಕಪ್ಪು ಸ್ಕ್ರೂವನ್ನೇ ಎಷ್ಟೋ ಕಡೆ ಇದಕ್ಕೂ ಹಾಕುತ್ತಾರೆ; ಅದು ಗಡುಸು, ಅಡ್ಡ ಭಾರ ಬಿದ್ದರೆ ಬಾಗದೆ ಮುರಿಯುತ್ತದೆ, ಮೇಲಿನ ಫಾಸ್ಫೇಟ್ ಲೇಪ ತೇವವನ್ನು ಹೆಚ್ಚು ಕಾಲ ತಡೆಯದು. ಸ್ಟೇನ್‌ಲೆಸ್ ಸ್ಟೀಲ್ ಇರುವಾಗ ಈ ತಲೆನೋವೇಕೆ ಎಂಬ ಮಾತಿಗೆ ಅರ್ಧ ಉತ್ತರ ಮಾತ್ರ ಉಂಟು. ಉಪ್ಪಳದ ಕಡಲಂಚಿನಲ್ಲಿ ಉಪ್ಪುಗಾಳಿ ತಾಳಲು 316 ದರ್ಜೆಯ ಸ್ಟೀಲ್ ಒಳ್ಳೆಯದು; ಒಳನಾಡಿನ ಬಾಯಾರಿಗೆ 304 ಸಾಕು. ಆದರೆ ನೀರು ಕುಡಿದು ಬೋರ್ಡು ಉಬ್ಬಿದರೆ, ಸ್ಕ್ರೂ ಹೊಳೆಯುತ್ತಲೇ ಇದ್ದರೂ ಸುತ್ತಲಿನ ಪುಡಿ ಉದುರಿ ಕೂಡು ಸಡಿಲಾಗುತ್ತದೆ. ಆದ್ದರಿಂದ ಬಾಯಾರಿನಲ್ಲಿ ಕಪಾಟು ಜೋಡಿಸುವವರು ಅಗಲ ಹಲ್ಲಿನ 304 ಸ್ಕ್ರೂವನ್ನೇ ಕೊಳ್ಳಲಿ. ಅದಕ್ಕೂ ಮೊದಲು ಬೋರ್ಡಿನ ನಾಲ್ಕೂ ಅಂಚಿಗೆ ಪಟ್ಟಿ ಸರಿಯಾಗಿ ಅಂಟಿದೆಯೇ ಎಂದು ನೋಡಿಕೊಳ್ಳಲಿ.