ಗಡಸು ನೀರು (ಅರಸೀಕೆರೆ–ಬೇಲೂರು–ಹಳೇಬೀಡು ಸೀಮೆ)

ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಇದರಲ್ಲಿ ಸೋಪು ಬೇಗ ನೊರೆ ಬಿಡದು, ಬೇಳೆ ಬೇಯಲು ತಡ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ.

ಹಾಸನ ಜಿಲ್ಲೆಯ ಈ ಮೂರು ಊರುಗಳ ನೀರಿನ ಆಸರೆ ಬೇರೆ ಬೇರೆ. ಬೇಲೂರು ಮಲೆನಾಡಿನ ಅಂಚು. ಹೇಮಾವತಿಯ ಉಪನದಿ ಯಗಚಿ ಪಕ್ಕದಲ್ಲೇ ಹರಿಯುತ್ತದೆ. ಹಳೇಬೀಡಿಗೆ ಪುರಾತನ ದ್ವಾರಸಮುದ್ರ ಕೆರೆಯಿದೆ. ಅರಸೀಕೆರೆ ಮಾತ್ರ ಮಳೆ ಕಡಿಮೆಯ ಬಯಲುಸೀಮೆ. ಅಲ್ಲಿನ ತೆಂಗಿನ ತೋಟಗಳೂ ಹಳ್ಳಿಗಳೂ ಬಹುಪಾಲು ಬೋರ್‌ವೆಲ್ ನಂಬಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ.

ಭಾರತೀಯ ಮಾನಕ 10500 (2012) ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸುತನ ಅಷ್ಟಾಗಿ ಆರೋಗ್ಯ ಕೆಡಿಸದು. ನಿಜವಾಗಿ ಅಂಜಬೇಕಾದದ್ದು ಬಯಲುಸೀಮೆಯ ಬೋರ್ ನೀರಿನಲ್ಲಿ ಬರಬಹುದಾದ ಫ್ಲೋರೈಡಿಗೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಪೆಟ್ಟು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ. ನೀರು ಶುದ್ಧೀಕರಿಸುವ ಯಂತ್ರದ ಮಾರಾಟಗಾರರು ಅದ್ದಿ ತೋರಿಸುವ ಟಿಡಿಎಸ್ ಮೀಟರು ಒಟ್ಟು ಲವಣಗಳ ಅಂದಾಜನ್ನಷ್ಟೇ ಹೇಳುತ್ತದೆ, ಫ್ಲೋರೈಡನ್ನು ಬಿಡಿಸಿ ತೋರಿಸದು. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಬೇಕು.

ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಬೈಕಾರ್ಬೊನೇಟಿನಿಂದಾದ ಗಡಸುತನವೂ ತಗ್ಗುತ್ತದೆ, ಫ್ಲೋರೈಡ್ ಹೋಗದು. ಯುವಿ ಫಿಲ್ಟರು ರೋಗಾಣುಗಳಿಗಷ್ಟೇ ಮದ್ದು. ಶುದ್ಧೀಕರಿಸಿದ ನದಿನೀರು ನಲ್ಲಿಗೆ ಬರುವ ಮನೆಗೆ ಸಾಮಾನ್ಯವಾಗಿ ಅಷ್ಟೇ ಸಾಕು, ಆರ್‌ಒ (ಒತ್ತಡದಿಂದ ಪೊರೆಯ ಮೂಲಕ ನೀರು ಸೋಸುವ ಯಂತ್ರ) ಅಲ್ಲಿ ದಂಡ. ಸಾಫ್ಟ್‌ನರ್ ರಾಳದ ಮಣಿಗಳಿಂದ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ. ಸ್ನಾನ, ಬಟ್ಟೆ, ಗೀಸರಿಗೆ ಒಳ್ಳೆಯದು. ಆಗಾಗ ಉಪ್ಪು ಹಾಕಿ ಅದನ್ನು ತೊಳೆಯಬೇಕು. ಆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಡಬಾರದು. ಗಡಸುತನವನ್ನೂ ಫ್ಲೋರೈಡನ್ನೂ ಒಟ್ಟಿಗೆ ಇಳಿಸುವುದು ಆರ್‌ಒ. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿಯೂ ಸಾಮಾನ್ಯವಾಗಿ ಇದೇ ವಿಧಾನವಿದೆ. ಆದರೆ ಮನೆಯ ಆರ್‌ಒ ಒಂದು ಲೀಟರು ಕೊಡಲು ಹಲವು ಸಲ ಎರಡು-ಮೂರು ಲೀಟರು ಹೊರಹಾಕುತ್ತದೆ. ಬರದ ಊರಿನಲ್ಲಿ ಅದು ಸಣ್ಣ ನಷ್ಟವಲ್ಲ, ಆದ್ದರಿಂದ ಆರ್‌ಒ ನೀರನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ಬಳಸಬೇಕು. ಹೊರಬಿದ್ದ ನೀರಿನಲ್ಲಿ ಲವಣ ಇನ್ನೂ ದಟ್ಟ. ನೆಲ ತೊಳೆಯಲು, ಕಕ್ಕಸಿಗೆ ಸರಿ, ದನಕರುಗಳಿಗೆ ಕುಡಿಸಬಾರದು.

ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು 1,000 ಲೀಟರು. ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ತುಂಬಿಟ್ಟರೆ ಬೇಳೆ ಬೇಯಿಸಲು ಇದಕ್ಕಿಂತ ಒಳ್ಳೆಯ ನೀರಿಲ್ಲ.