ಕೋಳಿಗಿಂತ ಮೊದಲು ಸಾಕಿದವರನ್ನು ನೋಡಿ

ಶುದ್ಧ ತಳಿಯ ಕೋಳಿ ಎಲ್ಲಿ ಸಿಗುತ್ತೆ ಎಂದು ಕೇಳಿಕೊಂಡು ನಮ್ಮ ಮನೆಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಲಸಿಕೆ ಡಬ್ಬಿ ಹಿಡಿದು ಊರೂರು ತಿರುಗಿದ್ದರಿಂದ ಯಾರ ಹಟ್ಟಿಯಲ್ಲಿ ಎಂಥ ಹುಂಜ ಇದೆ ಎಂದು ಬಲ್ಲೆ ಅನ್ನುವ ನಂಬಿಕೆ ಅವರದು. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಜಮೀನಿಗೆ ಮರಳಿದ ಹುಡುಗರು, ಮನೆ ಹಿಂದೆ ಒಂದಿಷ್ಟು ಜಾಗ ಇರುವ ಹೆಣ್ಣುಮಕ್ಕಳು, ಪಿಂಚಣಿ ಬಂದ ಮೇಷ್ಟ್ರುಗಳು. ಫೋನಿನಲ್ಲಿ ಕೋಳಿಯ ಫೋಟೊ ತೋರಿಸಿ, "ಸಾರ್, ಇದು ಅಸಲಿನಾ?" ಅನ್ನುತ್ತಾರೆ. ನಾನು ಕೇಳುವುದು ಒಂದೇ ಮಾತು: "ಇದರ ಅಪ್ಪ ಅಮ್ಮನನ್ನು ನೋಡಿದ್ದೀಯೇನಪ್ಪ?"

ಸುಮ್ಮನೆ ಕೇಳುವ ಮಾತಲ್ಲ ಇದು. ಇವತ್ತು ನಾವು ಜಾತಿ ಕೋಳಿ ಅನ್ನುವುದರ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಇಂಗ್ಲೆಂಡಿನಲ್ಲಿ 1835ರಲ್ಲಿ ಹುಂಜದ ಕಾಳಗವನ್ನು ಕಾನೂನಿನಿಂದ ನಿಲ್ಲಿಸಿದರು. ಕಾಳಗಕ್ಕೆಂದು ತಲೆಮಾರುಗಳಿಂದ ಹುಂಜ ಸಾಕಿದವರ ಕೈ ಖಾಲಿಯಾಯಿತು. ಆ ಕಣ್ಣು, ಆ ಪೈಪೋಟಿ ಎಲ್ಲಿ ಹೋಗಬೇಕು? ಪ್ರದರ್ಶನಕ್ಕೆ ಹೋಯಿತು. 1845ರಲ್ಲಿ ಲಂಡನ್ನಿನ ಮೃಗಾಲಯದ ತೋಟದಲ್ಲಿ ಮೊದಲ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ಅದೇ ಕಾಲಕ್ಕೆ ಚೀನಾದ ಬಂದರುಗಳಿಂದ ಹಡಗಿನಲ್ಲಿ ದೊಡ್ಡ ಮೈಯ, ಕಾಲಿನ ತುದಿವರೆಗೂ ಪುಕ್ಕವಿದ್ದ ಕೋಳಿಗಳು ಬಂದಿಳಿದವು. ವಿಕ್ಟೋರಿಯಾ ರಾಣಿ ಅವನ್ನು ವಿಂಡ್ಸರ್ ಅರಮನೆಯಲ್ಲಿ ಸಾಕಿದಳು. ರಾಣಿ ಸಾಕಿದ ಮೇಲೆ ಕೇಳಬೇಕೆ? ಕೊಚಿನ್ ಕೋಳಿಗೆ ಜನ ಮುಗಿಬಿದ್ದರು. (ಕೊಚಿನ್ ಅಂದಾಕ್ಷಣ ಕೇರಳದ್ದು ಎಂದು ಮಾರುವವರಿದ್ದಾರೆ. ಅದು ಶಾಂಘೈ ಕಡೆಯ ಕೋಳಿ.) ಅಮೆರಿಕದ ಬಾಸ್ಟನ್ನಿನಲ್ಲಿ 1849ರಲ್ಲಿ ಪ್ರದರ್ಶನ ನಡೆದ ಮೇಲೆ ಹುಚ್ಚು ಅಲ್ಲಿಗೂ ಹತ್ತಿತು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ 1852ರಲ್ಲಿ ರಾಣಿಗೇ ಬೂದು ಬಣ್ಣದ ಶಾಂಘೈ ಕೋಳಿಗಳನ್ನು ಕಾಣಿಕೆ ಕಳಿಸಿ, ಆ ಹೆಸರಿನಲ್ಲಿ ತನ್ನ ಮರಿಗಳ ಬೆಲೆ ಏರಿಸಿಕೊಂಡ. ಮುಂದೆ ಬ್ರಹ್ಮ ಎಂಬ ಹೆಸರಿನಿಂದ ಪ್ರಸಿದ್ಧವಾದ ತಳಿಗೆ ಸೇರಿದ ಕೋಳಿಗಳು ಅವು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು, ಸಾಲ ಮಾಡಿ ಜೋಡಿ ಕೊಂಡವರು ಮುಳುಗಿದರು. 1855ರಲ್ಲಿ ಬರ್ನ್‌ಹ್ಯಾಮನೇ ಈ 'ಕೋಳಿ ಜ್ವರ'ದ ಚರಿತ್ರೆ ಬರೆದು ಅದನ್ನೂ ಮಾರಿದ.

ಆ ಜ್ವರದಿಂದ ಒಂದು ಒಳ್ಳೆಯದೂ ಆಯಿತು. ಯಾವುದು ಅಸಲಿ, ಯಾವುದು ನಕಲಿ ಎಂಬ ಜಗಳ ತೀರಿಸಲು ಬರಹದಲ್ಲಿ ನಿಯಮ ಬೇಕಾಯಿತು. ಜುಟ್ಟು ಹೇಗಿರಬೇಕು, ಕಿವಿಯ ಹಾಲೆ ಯಾವ ಬಣ್ಣ, ಕಾಲಿಗೆ ಎಷ್ಟು ಬೆರಳು, ತೂಕ ಎಷ್ಟು ಎಂದು ಇಂಗ್ಲೆಂಡಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಪುಸ್ತಕ ಅಚ್ಚಾದವು. ಇಂಗ್ಲೆಂಡಿನ ಪುಸ್ತಕದ ಹಿಂದಿದ್ದ ಟೆಗೆಟ್‌ಮೈಯರ್ ಎಂಬಾತ ಚಾರ್ಲ್ಸ್ ಡಾರ್ವಿನ್ನನಿಗೆ ಪಾರಿವಾಳ, ಕೋಳಿಗಳ ವಿವರ ಒದಗಿಸುತ್ತಿದ್ದವನು. ಡಾರ್ವಿನ್ 1868ರಲ್ಲಿ ಊರ ಕೋಳಿಗಳ ಮೂಲ ಕೆಂಪು ಕಾಡುಕೋಳಿ ಎಂದು ಬರೆದ. ಅದು ಬಹುಮಟ್ಟಿಗೆ ನಿಜ. ಆದರೆ 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇನ್ನೊಂದನ್ನು ಕಂಡುಕೊಂಡರು. ಕೋಳಿಯ ಕಾಲಿಗೆ ಹಳದಿ ಬಣ್ಣ ಕೊಡುವ ಜೀನು ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು. ಬೂದು ಕಾಡುಕೋಳಿ ಅಂದರೆ ನಮ್ಮ ಮಲೆನಾಡಿನಲ್ಲಿ ಮುಂಜಾನೆ ಕೂಗುವ ಹಕ್ಕಿ. ಇಟಲಿಯ ಲೆಗ್‌ಹಾರ್ನಿನ ಹಳದಿ ಕಾಲಿನಲ್ಲಿ ನಮ್ಮ ಕಾಡಿನ ರಕ್ತ ಇದೆ. ಇದನ್ನು ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಹಾಗಂತ ತಳಿ ನೋಡುವ ಕಣ್ಣು ನಮಗೆ ಬ್ರಿಟಿಷರಿಂದ ಬಂದದ್ದೇನಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದ ವಿನೋದಗಳಲ್ಲಿ ಹುಂಜದ ಕಾಳಗಕ್ಕೂ ಜಾಗವಿದೆ. ತುಳುನಾಡಿನಲ್ಲಿ ಕೋರಿಕಟ್ಟಕ್ಕೆ ಹೋಗುವವರು ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಕುಕ್ಕುಟ ಪಂಚಾಂಗ ತಿರುವುತ್ತಿದ್ದರು. ಕಾಲಿಗೆ ಕತ್ತಿ ಕಟ್ಟುವ ಆಟದ ಬಗ್ಗೆ ನನಗೆ ಒಲವಿಲ್ಲ. ಆದರೆ ಅಸೀಲ್ ತಳಿ ಉಳಿದದ್ದು ಆ ಪಂದ್ಯದವರಿಂದ ಎಂಬುದನ್ನು ಒಪ್ಪಲೇಬೇಕು. ರಾಂಪುರ, ಲಖನೌ, ಹೈದರಾಬಾದಿನ ನವಾಬರ ಆಳ್ವಿಕೆಯಲ್ಲಿ, ಆಂಧ್ರದ ಹಳ್ಳಿಗಳಲ್ಲಿ ಹುಂಜವನ್ನು ಮಾರಿದರೂ ಹೇಂಟೆಯನ್ನು ಕೈಬಿಡುತ್ತಿರಲಿಲ್ಲ. ವಂಶ ಇರುವುದು ಹೇಂಟೆಯಲ್ಲಿ ಎಂಬ ಅವರ ತಿಳಿವಳಿಕೆ ದೊಡ್ಡದು.

ಈ ಅಸೀಲ್ ಒಂದು ಲೋಕಸಂಚಾರವನ್ನೇ ಮಾಡಿದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು ಅಸೀಲಿನ ರಕ್ತ ಬೆರೆಸಿ ಅಗಲ ಎದೆಯ ಒಂದು ಕೋಳಿ ಮಾಡಿದರು. ಅಲ್ಲಿ ಅದಕ್ಕೆ 'ಇಂಡಿಯನ್ ಗೇಮ್' ಎಂದು ಹೆಸರು, ಅಮೆರಿಕದಲ್ಲಿ 'ಕಾರ್ನಿಷ್'. 1948ರಲ್ಲಿ ಅಮೆರಿಕದ 'ನಾಳಿನ ಕೋಳಿ' ಸ್ಪರ್ಧೆಯಲ್ಲಿ ಗೆದ್ದದ್ದು ಕಾರ್ನಿಷ್ ಬೆರಕೆಯೇ. ಇವತ್ತಿನ ಬ್ರಾಯ್ಲರ್‌ಗೆ ಗಂಡು ಕಡೆಯ ವಂಶ ಅದು. ಬೆಂಗಳೂರಿನ ಬೀದಿಯ ಕೋಳಿ ಅಂಗಡಿಯಲ್ಲಿ ಆರೇಳು ವಾರಕ್ಕೆ ತೂಗಿ ಕೊಡುವ ಬಿಳಿ ಕೋಳಿಯ ಎದೆಯಲ್ಲಿ ನಮ್ಮ ಅಸೀಲಿನ ಪಾಲಿದೆ. ಬೆಳೆಸಿದವರ ಹೆಸರು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ.

ನಮ್ಮ ದೇಶಕ್ಕೆ ಸೀಮೆ ಕೋಳಿಗಳನ್ನು ತಂದು ಹಳ್ಳಿಗೆ ಹಂಚುವ ಕೆಲಸ ಮೊದಲು ಮಾಡಿದವರಲ್ಲಿ ಮಿಷನರಿಗಳು ಮುಖ್ಯರು. ಉತ್ತರ ಪ್ರದೇಶದ ಏಟಾದಲ್ಲಿ 20ನೇ ಶತಮಾನದ ಆರಂಭದಲ್ಲಿ ಅಮೆರಿಕನ್ ಮಿಷನ್ನಿನವರು ನಡೆಸಿದ ಕೋಳಿ ಫಾರಂ ಹೆಸರುವಾಸಿಯಾಗಿತ್ತು. ಆಮೇಲೆ ಬಂತು ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಪುಸ್ತಕಗಳಲ್ಲಿ ಅದಕ್ಕೆ ಆ ಊರಿನದೇ ಹೆಸರು. ಕತ್ತು ತಿರುಚಿ, ಹಸಿರು ಭೇದಿಯಾಗಿ, ಒಂದು ವಾರದಲ್ಲಿ ಊರಿಗೆ ಊರೇ ಖಾಲಿಯಾಗುತ್ತಿತ್ತು. ಮುಕ್ತೇಶ್ವರದಲ್ಲಿ ಲಸಿಕೆ ಸಿದ್ಧವಾಗುವವರೆಗೆ ಈ ದೇಶದಲ್ಲಿ ಒಂದು ತಳಿಯನ್ನು ಹತ್ತು ವರ್ಷ ಕಾಪಾಡಿಕೊಳ್ಳುವುದೇ ದೊಡ್ಡ ಮಾತಾಗಿತ್ತು.

ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಸರ್ಕಾರವೇ ಕೈ ಹಾಕಿತು. ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿ ಕೇಂದ್ರದ ಕೋಳಿ ತಳಿ ಕೇಂದ್ರ ಬಂತು, ತರಬೇತಿ ಸಂಸ್ಥೆಯೂ ಬಂತು. ನಮ್ಮ ಹಿಂದಿನ ತಲೆಮಾರಿಗೆ ಶುದ್ಧ ತಳಿ ಎಂದರೆ ಬಿಳಿ ಲೆಗ್‌ಹಾರ್ನ್ ಮತ್ತು ರೋಡ್ ಐಲ್ಯಾಂಡ್ ರೆಡ್, ಎರಡೇ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವ ನಾಟಿ ಕೋಳಿ ನೋಡಿದ ಜನಕ್ಕೆ ಇನ್ನೂರು ದಾಟಿಸುವ ಲೆಗ್‌ಹಾರ್ನ್ ಮಾಯೆಯ ಹಾಗೆ ಕಂಡಿತು. ಆದರೆ ಅದಕ್ಕೆ ಕಾವು ಕೂರಲು ಬರುವುದಿಲ್ಲ. ಲೆಗ್‌ಹಾರ್ನ್ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುತ್ತಿದ್ದರು. ಬಿಳಿ ಮೈ ದೂರಕ್ಕೇ ಕಾಣುವುದರಿಂದ ಹದ್ದು, ಮುಂಗುಸಿಯ ಕಾಟ ಬೇರೆ. ಇದರ ಜೊತೆಗೆ, ನಾಟಿ ಹುಂಜ ಕೊಟ್ಟು ಸೀಮೆ ಹುಂಜ ತೆಗೆದುಕೊಂಡು ಹೋಗಿ ಎಂಬ ಯೋಜನೆಯೂ ನಡೆಯಿತು. ಮೊಟ್ಟೆ ಹೆಚ್ಚಿತು, ನಿಜ. ಆದರೆ ಊರ ಕೋಳಿಯಲ್ಲಿ ಇದ್ದ ಗುಣಗಳು ಯಾವುವು ಎಂದು ಯಾರೂ ಬರೆದಿಟ್ಟುಕೊಳ್ಳುವ ಮುಂಚೆಯೇ ಅವು ಕಲಸಿಹೋದವು. ಆ ಯೋಜನೆಯ ದೊಡ್ಡ ನಷ್ಟ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು 1980ರ ದಶಕದ ಕೊನೆಯಲ್ಲಿ ಕೊಟ್ಟ ಗಿರಿರಾಜ ಈ ಪಾಠ ಕಲಿತ ಮೇಲೆ ಬಂದ ಹಕ್ಕಿ. ಬಣ್ಣ ಬಣ್ಣದ ಪುಕ್ಕ, ಹಿತ್ತಲಲ್ಲಿ ಮೇಯುವ ಗಟ್ಟಿತನ, ತೂಕವೂ ಉಂಟು. ಎಷ್ಟೋ ಮನೆಗಳಿಗೆ ಅದರಿಂದ ಸಂಸಾರ ನಡೆದದ್ದನ್ನು ಕಂಡಿದ್ದೇನೆ. ಆದರೆ ಗಿರಿರಾಜ ಬೆರಕೆ ತಳಿ. ಅದರ ಮೊಟ್ಟೆ ಕಾವಿಗಿಟ್ಟರೆ ಮರಿಗಳಲ್ಲಿ ಅದೇ ಗುಣ ನಿಲ್ಲುವುದಿಲ್ಲ, ಮತ್ತೆ ಮರಿ ಕೊಳ್ಳಲೇಬೇಕು. ಮೊದಲ ಸಲ ಸಾಕುವವರು ಇದನ್ನು ತಿಳಿಯದೆ ಕೈ ಸುಟ್ಟುಕೊಳ್ಳುತ್ತಾರೆ.

ನಮ್ಮ ಅಜ್ಜಿಯ ಕಾಲದಲ್ಲಿ ಕೋಳಿಯನ್ನು ಕೊಳ್ಳುವುದು ಕಡಿಮೆ, ಪಾಲಿಗೆ ತರುವುದು ಹೆಚ್ಚು. ಒಳ್ಳೆ ಹೇಂಟೆ ಇದ್ದವರು ಒಂದು ಹ್ಯಾಟೆಯನ್ನು ಇನ್ನೊಬ್ಬರಿಗೆ ಕೊಡುವುದು, ಅದು ಮಾಡಿದ ಮರಿಯಲ್ಲಿ ಅರ್ಧ ಇವರಿಗೆ, ಅರ್ಧ ಅವರಿಗೆ. ಕೊಟ್ಟವಳ ಮನೆ ಪಕ್ಕದ ಬೀದಿಯಲ್ಲೇ. ಆ ಹ್ಯಾಟೆಯ ತಾಯಿ ಎಷ್ಟು ಮರಿ ಎಬ್ಬಿಸಿತು, ಹದ್ದು ಬಂದಾಗ ಮರಿ ಬಿಟ್ಟು ಓಡಿತೋ ಎದುರು ನಿಂತಿತೋ, ಎಲ್ಲ ಊರಿಗೇ ಗೊತ್ತು. ತಳಿಯ ಪುಸ್ತಕ ಹೆಂಗಸರ ತಲೆಯಲ್ಲಿತ್ತು. ಹುಂಜವನ್ನು ಮಾತ್ರ ಬೇರೆ ಊರಿನ ಸಂತೆಯಿಂದ ತರುತ್ತಿದ್ದರು. ಒಂದೇ ರಕ್ತ ಕೂಡಬಾರದೆಂಬ ಎಚ್ಚರ ಅದು.

ಅಜ್ಜಿ ಹೇಂಟೆ ನೋಡುವ ಕ್ರಮ ಇವತ್ತಿಗೂ ನನ್ನದು. ಸಂಜೆ ಗೂಡು ಸೇರಿದ ಮೇಲೆ ಸದ್ದಿಲ್ಲದೆ ಎತ್ತಿಕೊಂಡು, ತಲೆಯನ್ನು ಕಂಕುಳ ಕಡೆ ತಿರುಗಿಸಿ ಹಿಡಿಯುತ್ತಿದ್ದಳು. ಬಾಲದ ಕೆಳಗೆ ಎರಡು ಸಣ್ಣ ಎಲುಬಿನ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎರಡು ಬೆರಳು ಸಲೀಸಾಗಿ ಕೂತರೆ ಮೊಟ್ಟೆ ಇಡುತ್ತಿರುವ ಕೋಳಿ, ಒಂದೇ ಬೆರಳಾದರೆ ನಿಲ್ಲಿಸಿದೆ. ಆಮೇಲೆ ಎದೆ ಎಲುಬಿನ ಮೇಲೆ ಬೆರಳು ಎಳೆದು ಸೊಟ್ಟ ಇದೆಯೇ ಎಂದು ನೋಡುವುದು. ಕಾಲಿನ ಹುರುಪೆ ಎದ್ದಿದ್ದರೆ ಬೇಡ, ಕಣ್ಣಲ್ಲಿ ನೊರೆ ಇದ್ದರೆ ಬೇಡವೇ ಬೇಡ. ಹಳದಿ ಕಾಲಿನ ಲೆಗ್‌ಹಾರ್ನ್ ಆದರೆ ಇನ್ನೊಂದು ಗುರುತುಂಟು, ಅದನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ. ಮೊಟ್ಟೆ ಇಡುತ್ತಾ ಹೋದ ಹಾಗೆ ಮೈಯ ಹಳದಿ ಇಳಿಯುತ್ತದೆ. ಮೊದಲು ಗುದದ ಸುತ್ತ, ಆಮೇಲೆ ಕಣ್ಣಂಚು, ಕಿವಿಯ ಹಾಲೆ, ಕೊಕ್ಕು, ಕೊನೆಗೆ ಕಾಲು. ಪೂರ್ತಿ ಬೆಳ್ಳಗಾದ ಕಾಲು ತಿಂಗಳುಗಟ್ಟಲೆ ದುಡಿದ ಹೇಂಟೆಯದು. ಹೊಳೆಯುವ ಹಳದಿ ಕಾಲಿನ ಚೆಂದದ ಹೇಂಟೆಗೆ ಮಾರುಹೋಗುವವರೇ ಹೆಚ್ಚು.

ಈಗ ಕಡಕ್‌ನಾಥ್ ಕಾಲ. ಮಧ್ಯಪ್ರದೇಶದ ಝಾಬುವಾದ ಆದಿವಾಸಿಗಳ ಹಕ್ಕಿ, 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ನಡೆದದ್ದು 1850ರ ದಶಕದ ಕೊಚಿನ್ ಕತೆಯೇ. ಮರಿಗೆ ಬಾಯಿಗೆ ಬಂದ ಬೆಲೆ, ವಾಪಸು ಕೊಳ್ಳುತ್ತೇವೆ ಎಂಬ ಮಾತು, ಆಮೇಲೆ ಫೋನು ಎತ್ತದ ಮಾರಾಟಗಾರರು. ಅಸಲಿ ಕಡಕ್‌ನಾಥ್‌ಗೆ ಪುಕ್ಕ ಮಾತ್ರ ಕಪ್ಪಲ್ಲ. ಜುಟ್ಟು, ಚರ್ಮ, ಕಾಲು, ನಾಲಿಗೆಯವರೆಗೆ ಕಪ್ಪು ಬಣ್ಣ ಇಳಿದಿರುತ್ತದೆ. ಮೊಟ್ಟೆ ಮಾತ್ರ ತಿಳಿ ಕಂದು. ಕಪ್ಪು ಮೊಟ್ಟೆ ತೋರಿಸುವವರ ಹತ್ತಿರ ವ್ಯಾಪಾರ ಬೇಡ.

ನಮ್ಮ ಸೀಮೆಗೂ ಒಂದು ಹೆಸರಾಂತ ತಳಿ ಇದೆ ಎಂದರೆ ಕೋಲಾರದವರೇ ನಂಬುವುದಿಲ್ಲ. ಘಾಗಸ್ ಅಂತ. ಕೋಲಾರ ಮತ್ತು ಅದಕ್ಕೆ ಅಂಟಿಕೊಂಡ ಆಂಧ್ರದ ಜಿಲ್ಲೆಗಳದು. ದೊಡ್ಡ ಮೈಕಟ್ಟು, ಹೆಚ್ಚಾಗಿ ಕಂದು ಬಣ್ಣ, ಕಾವು ಕೂತರೆ ಅಲುಗುವುದಿಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯ ದಾಖಲೆಯಲ್ಲಿ ಅಸೀಲ್, ಕಡಕ್‌ನಾಥ್ ಜೊತೆಗೆ ಇದೂ ಸೇರಿದೆ. ಹೈದರಾಬಾದಿನ ಕೇಂದ್ರೀಯ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲಿ ಉಳಿಸಿ ಬೆಳೆಸುತ್ತಿದ್ದಾರೆ. ಊರಿನಲ್ಲಿ ಕಾಣೆಯಾಗುತ್ತಿರುವುದು ಪ್ರಯೋಗಾಲಯದ ಗೂಡಿನಲ್ಲಿ ಉಳಿದಿದೆ.

ಆದ್ದರಿಂದ ಹೊಸಬರಿಗೆ ನನ್ನ ಕೋರಿಕೆ ಇಷ್ಟೇ. ಮೊದಲ ಸಲಕ್ಕೆ ಒಂದೇ ತಳಿ ಸಾಕಿ. ಮಾರುವವರ ಹಟ್ಟಿಗೆ ನೀವೇ ಹೋಗಿ, ತಾಯಿ ತಂದೆಯನ್ನು ನೋಡಿ, ಯಾವ ದಿನ ಯಾವ ಲಸಿಕೆ ಹಾಕಿದರೆಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಐದಾರು ಹ್ಯಾಟೆ ಒಬ್ಬರಿಂದ, ಹುಂಜ ಇನ್ನೊಬ್ಬರಿಂದ ತನ್ನಿ. ತಂದದ್ದನ್ನು ಮೂರು ವಾರ ಬೇರೆ ಇಡಿ. ಕಾಲಿಗೆ ಉಂಗುರ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಯಾರ ಮರಿ ಯಾವುದು ಎಂದು ಬರೆಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಾದರೆ ಮೊದಲು ಘಾಗಸ್ ಕೇಳಿ. ಸಿಕ್ಕಿದರೆ ಅದರ ಮೊಟ್ಟೆಯಲ್ಲಿ ಒಂದಿಷ್ಟನ್ನು ಪಕ್ಕದ ಊರಿನವರಿಗೆ ಪಾಲಿಗೆ ಕೊಡಿ.